ಎತ್ತಿಟ್ಟ ಒಂಬತ್ತು ಪುಸ್ತಕಗಳು

ಟಿಂಯ್. ಟಿಂಯ್. ಟಿಂಯ್.

ರಮ್ಯಳ ಕೈಯಲ್ಲಿದ್ದ ಸ್ಕ್ಯಾನರ್ ಅಡುಗೆ ಪುಸ್ತಕಗಳ ಸಾಲಿಗೆ ಬಂದಿತ್ತು. ಒಂದೊಂದು ಪುಸ್ತಕಕ್ಕೆ ಒಂದೊಂದು ಸದ್ದು. ನಾಲ್ಕು ಸಾಲು ಆಚೆ ಲತಾಮಣಿ ಮಕ್ಕಳ ಬಣ್ಣದ ಪುಸ್ತಕಗಳನ್ನು ಜೋಡಿಸುತ್ತಿದ್ದಳು. ಜೋಡಿಸಿದ್ದನ್ನೇ ತೆಗೆದು ಮತ್ತೆ ಜೋಡಿಸುತ್ತಿದ್ದಳು. ಅಡುಗೆ ಮುಗಿದರೆ ಹೊಲಿಗೆ, ಹೊಲಿಗೆ ಮುಗಿದರೆ ತೋಟಗಾರಿಕೆ. ತೋಟಗಾರಿಕೆಯ ಕೆಳಗಿನ ಸಾಲಿನಲ್ಲಿ, ಗುಲಾಬಿ ಬೆಳೆಸುವ ದಪ್ಪ ಪುಸ್ತಕಗಳ ಹಿಂದೆ, ಅವಳು ಎತ್ತಿಟ್ಟ ಒಂಬತ್ತು ಪುಸ್ತಕಗಳಿದ್ದವು. ಸ್ಟಾಕ್ ಎಣಿಕೆ ಮುಂದಿನ ವಾರ ಎಂದುಕೊಂಡಿದ್ದಳು. ಈ ಗುರುವಾರವೇ ಬಂದುಬಿಟ್ಟಿತ್ತು.

ಜೆ.ಪಿ. ನಗರದ ಮಾಲ್‌ನ ಎರಡನೇ ಮಹಡಿಯಲ್ಲಿರುವ ಈ ಅಂಗಡಿ ದೊಡ್ಡ ಕಂಪನಿಯದು. ಊರೂರಿಗೂ ಒಂದೊಂದು ಶಾಖೆ. ಲತಾಮಣಿ ಇಲ್ಲಿಗೆ ಸೇರಿ ಆರು ತಿಂಗಳು ತುಂಬಲು ಎರಡು ದಿನ ಬಾಕಿ. ತುಂಬಿದರೆ ಕೆಲಸ ಖಾಯಂ. ಅದಕ್ಕೆ ಮೊದಲು ಹದಿನೆಂಟು ವರ್ಷ ಅವಳು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಸಂಜೀವಯ್ಯನವರ ಹತ್ತಡಿ ಅಗಲದ ಪುಸ್ತಕದಂಗಡಿಯಲ್ಲಿದ್ದಳು. ಅವರ ಫೋನು ಬೆಳಿಗ್ಗೆಯೇ ಬಂದಿತ್ತು, ಅವಳು ಯಡಿಯೂರು ಕೆರೆ ದಾಟುತ್ತಿದ್ದಾಗ.

"ಲತಾ, ಭಾಗ್ಯಜ್ಯೋತಿ ಅಂತ ಒಬ್ಳು ಕೆಲಸ ಕೇಳ್ಕೊಂಡು ಬಂದಿದ್ಲು. ಒಳ್ಳೇವ್ಳೇ. ಆದ್ರೆ ಗಿರಾಕಿ ಮುಖ ನೋಡೋದೇ ಇಲ್ಲ, ಫೋನ್ ನೋಡ್ತಾಳೆ. ನೀನು ಸೋಮವಾರದಿಂದ ವಾಪಸ್ ಬರೋದಾದ್ರೆ ಅವಳಿಗೆ ಬೇಡ ಅಂತೀನಿ. ಇವತ್ತು ಸಂಜೆಯೊಳಗೆ ಹೇಳ್ಬಿಡು."

"ಯೋಚನೆ ಮಾಡಿ ಹೇಳ್ತೀನಿ ಸಾರ್."

ಆಗಿನಿಂದ ಅವಳ ಕಾಲು ನಿಂತಲ್ಲಿ ನಿಂತಿರಲಿಲ್ಲ. ಹಾಗೆ ನೋಡಿದರೆ ಎಂದೂ ನಿಂತದ್ದಿಲ್ಲ. ಅವಳ ಅಪ್ಪ ಬೈಲಪ್ಪ ಯಡಿಯೂರಿನ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಮಾಡುತ್ತಿದ್ದ. ಅಚ್ಚು ಕೆಟ್ಟ ಹಾಳೆಗಳನ್ನು ನೀರೊಲೆ ಹಚ್ಚಲೆಂದು ಮನೆಗೆ ತರುತ್ತಿದ್ದ. ಒಲೆಗೆ ಹೋಗುವ ಮೊದಲು ಲತಾಮಣಿ ಅವನ್ನು ಓದುತ್ತಿದ್ದಳು: ಹದಿನೇಳನೇ ಪುಟಕ್ಕೆ ಶುರುವಾಗಿ ಮೂವತ್ತೆರಡಕ್ಕೆ ನಿಂತುಹೋಗುವ ಕತೆಗಳು. ಮುಂದೇನಾಯಿತೋ ಎಂಬ ಚಡಪಡಿಕೆ ಆಗಲೇ ಅವಳ ಕಾಲಿಗೆ ಹತ್ತಿರಬೇಕು.

ಎತ್ತಿಡುವುದು ಸಂಜೀವಯ್ಯನವರ ಅಂಗಡಿಯ ಪದ್ಧತಿ. ಹೊಸ ಕಟ್ಟು ಬಿಚ್ಚಿದ ದಿನ ಇಬ್ಬರೂ ನೆಲದ ಮೇಲೆ ಕೂತು ಯಾವುದು ಯಾರಿಗೆ ಎಂದು ವಾದ ಮಾಡುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ, ಆದರೂ ಎತ್ತಿಡುತ್ತಿದ್ದರು. ಬಂದವರ ಹೆಸರು ಕೇಳುವುದು ಅಧಿಕಪ್ರಸಂಗ ಎಂದು ಸಂಜೀವಯ್ಯ ನಂಬಿದ್ದರಿಂದ ಚೀಟಿಯಲ್ಲಿ ಹೆಸರಿರುತ್ತಿರಲಿಲ್ಲ. 'ಕೊಡೆ ಮರೆಯುವವರು' ಎಂದಿರುತ್ತಿತ್ತು. 'ಕೊನೇ ಪುಟ ಮೊದಲು ಓದುವ ಟೀಚರ್' ಎಂದಿರುತ್ತಿತ್ತು. ತಿಂಗಳು ಬಿಟ್ಟು ಬಂದವರ ಕೈಗೆ ಚೀಟಿ ತೆಗೆದು ಪುಸ್ತಕ ಕೊಟ್ಟಾಗ ಅವರು ಅದನ್ನು ತಿರುಗಿಸಿ ನೋಡುವ ಆ ಒಂದು ಗಳಿಗೆಗಾಗಿ ಲತಾಮಣಿ ಹದಿನೆಂಟು ವರ್ಷ ನಿಂತೇ ಕೆಲಸ ಮಾಡಿದ್ದಳು.

ಬಿಟ್ಟದ್ದು ಸಂಬಳಕ್ಕೆ ಎಂದು ಎಲ್ಲರಿಗೂ ಹೇಳಿದ್ದಳು. ಅದು ಸುಳ್ಳು. ಆ ಅಂಗಡಿಗೆ ಟಾಯ್ಲೆಟ್ ಇರಲಿಲ್ಲ. ಸಂಜೀವಯ್ಯ ಪಕ್ಕದ ಹೋಟೆಲಿನ ಹಿತ್ತಲಿಗೆ ಹೋಗಿಬರುತ್ತಿದ್ದರು; ಅಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಕಾಂಪ್ಲೆಕ್ಸಿನ ತುದಿಯ ಶೌಚಾಲಯಕ್ಕೆ ಅರ್ಧ ದಿನ ಬೀಗ. ಹಾಗಾಗಿ ಅವಳು ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ನೀರು ಕುಡಿಯುತ್ತಿರಲಿಲ್ಲ. ಕಳೆದ ವರ್ಷ ಕಿಡ್ನಿಯಲ್ಲಿ ಕಲ್ಲು. "ನೀರು ಕುಡಿಯೋಕೆ ಏನಮ್ಮ ಕಷ್ಟ ನಿಮಗೆ?" ಎಂದು ಡಾಕ್ಟರು ಗದರಿದಾಗ ಅವಳು ತಲೆ ತಗ್ಗಿಸಿದ್ದಳು. ಇಲ್ಲಿ ಮಾಲ್‌ನಲ್ಲಿ ಕನ್ನಡಿಯಂತೆ ಹೊಳೆಯುವ ಟಾಯ್ಲೆಟ್ ಇತ್ತು, ಇಎಸ್ಐ ಕಾರ್ಡಿತ್ತು. ಮೊದಲ ದಿನ ಅವಳು ಒಂದು ಬಾಟಲಿ ನೀರನ್ನು ಒಂದೇ ಗುಟುಕಿಗೆ ಕುಡಿದಿದ್ದಳು, ಯಾರ ಮೇಲೋ ಹಗೆ ತೀರಿಸಿಕೊಂಡಂತೆ.

ಆದರೆ ಇಲ್ಲಿ ತೊಂಬತ್ತು ದಿನ ಮಾರಾಟವಾಗದ ಪುಸ್ತಕ ಪೆಟ್ಟಿಗೆ ಸೇರಿ ಗೋಡೌನಿಗೆ ವಾಪಸ್. ಕೆರೆಯ ಬಳಿ ದಿನವೂ ಸಿಗುತ್ತಿದ್ದ ಹಳೆಯ ಗಿರಾಕಿ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿತ್ತು. ಕಣ್ಣು ವಾಸಿಯಾಗುವ ಮೊದಲೇ ಅವರಿಗೆ ಸರಿಹೋಗುವ ಪುಸ್ತಕದ ಗಡುವು ಮುಗಿಯುತ್ತಿತ್ತು. ಲತಾಮಣಿಯ ಕೈ ತಾನಾಗಿಯೇ ಚೀಟಿ ಬರೆಯಿತು. ಒಂದಾದದ್ದು ಒಂಬತ್ತಾಯಿತು.

ಸ್ಕ್ಯಾನರ್ ಸದ್ದು ನಿಂತಿತು.

"ಲತಕ್ಕಾ, ಬನ್ನಿ ಇಲ್ಲಿ. ಗುಲಾಬಿ ಹಿಂದೆ ಏನೇನೋ ಬೆಳ್ದಿದೆ!"

ರಮ್ಯ ನಗುತ್ತಿದ್ದಳು. ಆದರೆ ಅವಳ ಹಿಂದೆಯೇ ಮ್ಯಾನೇಜರ್ ಮಹೇಶ್ ಬಂದು ನಿಂತಿದ್ದ. ವಯಸ್ಸಿನಲ್ಲಿ ಲತಾಮಣಿಗಿಂತ ಹದಿನೈದು ವರ್ಷ ಚಿಕ್ಕವನು, ಒಳ್ಳೆಯವನು. ಒಂಬತ್ತನ್ನೂ ಎತ್ತಿಕೊಂಡು ತನ್ನ ಮೇಜಿಗೆ ಹೋಗಿ ಚೀಟಿಗಳನ್ನು ಓದಿದ.

"ಮೇಡಂ, ಈ 'ಕೊಡೆ ಮರೆಯುವವರು' ಯಾರು?"

"ಬಂದಾಗೆಲ್ಲ ಕೊಡೆ ಬಿಟ್ಟು ಹೋಗ್ತಾರೆ ಸಾರ್."

"ಇಲ್ಲಿಗೆ ಬಂದಿದ್ದಾರಾ?"

"ಇನ್ನೂ ಇಲ್ಲ. ಬರ್ತಾರೆ."

ಮಹೇಶ್ ಆ ಪುಸ್ತಕವನ್ನು ತಿರುಗಿಸಿ ನೋಡಿದ. "ಇದಕ್ಕೇ ಮೇಡಂ ಹೋದ ವಾರ ಕಂಪ್ಲೇಂಟ್ ಬಂದಿದ್ದು. ಫೋನಲ್ಲಿ ಒಂದು ಕಾಪಿ ಇದೆ ಅಂತ ತೋರಿಸ್ತು, ಬನಶಂಕರಿಯಿಂದ ಒಂದು ಹುಡುಗಿ ಅದಕ್ಕಂತಲೇ ಬಂದಿದ್ಲು. ಇಲ್ಲ ಅಂತ ವಾಪಸ್ ಕಳಿಸಿದ್ದು ಯಾರು?"

ಲತಾಮಣಿಗೆ ಆ ಹುಡುಗಿಯ ಮುಖ ನೆನಪಿತ್ತು. ಹಸಿರು ಬ್ಯಾಗಿನ ಹುಡುಗಿ ಇಡೀ ಸಾಲನ್ನು ಎರಡು ಸಲ ಹುಡುಕಿ ಬಂದು ಕೇಳಿದ್ದಳು. ಸಂಜೀವಯ್ಯನವರ ಅಂಗಡಿಯಲ್ಲಾಗಿದ್ದರೆ, 'ಒಂದೇ ಇದೆ, ಇನ್ನೊಬ್ಬರಿಗೆ ಇಟ್ಟಿದ್ದೀನಿ, ಇಲ್ಲೇ ಕೂತು ಓದಮ್ಮ, ಸೋಮವಾರ ಇನ್ನೊಂದು ತರಿಸ್ತೀನಿ' ಎನ್ನಬಹುದಿತ್ತು. ಇಲ್ಲಿ ಹಾಗೆನ್ನುವಂತಿರಲಿಲ್ಲ. "ಇಲ್ಲಮ್ಮ" ಎಂದುಬಿಟ್ಟಿದ್ದಳು. ಪುಸ್ತಕ ಕಾಲಡಿಯಲ್ಲೇ ಇತ್ತು.

"ನಾನೇ ಸಾರ್. ತಪ್ಪು ನಂದೇ."

"ಅಷ್ಟಕ್ಕೆ ಸೈನ್ ಮಾಡಿಕೊಡಿ, ಸಾಕು. ನಾನು ಮೇಲಕ್ಕೆ ಕಳಿಸೋಲ್ಲ. ಶನಿವಾರ ನಿಮ್ಮ ಖಾಯಂ ಲೆಟರ್ ಬರುತ್ತೆ. ಹೋಗಿ ಟೀ ಕುಡ್ಕೊಂಡು ಬನ್ನಿ, ಅಷ್ಟರಲ್ಲಿ ಟೈಪ್ ಮಾಡ್ತೀನಿ."

ಅವಳು ಟೀ ಕುಡಿಯಲಿಲ್ಲ. ಎಸ್ಕಲೇಟರ್‌ನಲ್ಲಿ ಕೆಳಗಿಳಿದಳು, ಮತ್ತೆ ಹತ್ತಿದಳು. ಪಾತ್ರೆ ಅಂಗಡಿ, ಚಪ್ಪಲಿ ಅಂಗಡಿ ದಾಟಿ ಟಾಯ್ಲೆಟ್ ಬಾಗಿಲಿನ ಮುಂದೆ ಬಂದು ನಿಂತಾಗ, ತನಗೆ ತಿಳಿಯುವ ಮೊದಲೇ ಸಂಜೀವಯ್ಯನವರ ನಂಬರ್ ಒತ್ತಿದ್ದಳು.

"ಸಾರ್, ನಾನು ಬಿಟ್ಟಿದ್ದು ಸಂಬಳಕ್ಕಲ್ಲ."

"ಮತ್ತೆ? ನಾನೇನಾದ್ರೂ ಅಂದಿದ್ನಾ?"

"ಅಂಗಡೀಲಿ ಟಾಯ್ಲೆಟ್ ಇಲ್ಲ ಸಾರ್."

ಆ ಕಡೆ ಯಾರೋ ಬೆಲೆ ಕೇಳುತ್ತಿದ್ದರು.

"ಹದಿನೆಂಟು ವರ್ಷ?" ಎಂದರು ಸಂಜೀವಯ್ಯ. "ಒಂದಿನ ಹೇಳಬಾರದಿತ್ತೇನಮ್ಮ?"

"ನೀವು ಕೇಳಬಾರದಿತ್ತಾ ಸಾರ್?"

ಅವಳು ಅವರೊಂದಿಗೆ ಎಂದೂ ಹಾಗೆ ಮಾತಾಡಿರಲಿಲ್ಲ. "ನಮ್ಮ ಮಹಡಿ ಮೇಲೆ ಹಲ್ಲಿನ ಡಾಕ್ಟರು... ತಡಿ..." ಎಂದರು ಸಂಜೀವಯ್ಯ. ಫೋನು ಕಟ್ಟಾಯಿತು.

ವಾಪಸ್ ಬಂದಾಗ ಹಾಳೆ ತಯಾರಿತ್ತು. ಮೇಲೆ ಪೆನ್ನಿತ್ತು. ಪಕ್ಕದಲ್ಲಿ ಒಂಬತ್ತು ಪುಸ್ತಕಗಳ ರಾಶಿ, ಅದರ ಪಕ್ಕ ಬಾಯಿ ತೆರೆದ ರಟ್ಟಿನ ಪೆಟ್ಟಿಗೆ. ಲತಾಮಣಿ ಓದಿದಳು. ಹುಡುಗಿಯ ವಿಷಯಕ್ಕೆ ಕ್ಷಮೆ ಕೇಳುವ ಸಾಲು ಮೊದಲು. ಅದಕ್ಕೆ ಅವಳು ತಲೆಯಾಡಿಸಿದಳು. ಎರಡನೆಯದು: ಇನ್ನು ಮುಂದೆ ಯಾವ ಗಿರಾಕಿಗಾಗಿಯೂ ಪುಸ್ತಕವನ್ನು ತೆಗೆದಿಡುವುದಿಲ್ಲ.

"ಆ ಹುಡುಗಿ ನಂಬರ್ ಇದೆಯಾ ಸಾರ್?"

"ಅದು ಕೊಡೋ ಹಾಗಿಲ್ಲ ಮೇಡಂ. ನೀವು ಸೈನ್ ಮಾಡಿ, ನಾನು ಪೆಟ್ಟಿಗೆ ಪ್ಯಾಕ್ ಮಾಡಿಸ್ತೀನಿ. ಅಲ್ಲಿಗೆ ಮುಗೀತು."

ಸೀರೆಯ ನೆರಿಗೆಯ ಬಳಿ ಸಿಕ್ಕಿಸಿದ್ದ ಫೋನು ಅದುರಿತು. ಸಂಜೀವಯ್ಯ ಮೆಸೇಜ್ ಟೈಪ್ ಮಾಡುವವರಲ್ಲ. ಫೋಟೋ ಕಳಿಸಿದ್ದರು, ಅದೂ ಓರೆಯಾಗಿ. ಗಲ್ಲಾದ ಮೇಲೆ ಒಂದು ಬೀಗದಕೈ. ಅದಕ್ಕೆ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯಲ್ಲಿ ಅವರ ಗುಂಡು ಅಕ್ಷರ: 'ನೀರು ಕುಡಿಯದವಳಿಗೆ.'

ಲತಾಮಣಿ ಫೋನನ್ನು ಓರೆಮಾಡಿ ನೋಡಿದಳು. ಟಾಯ್ಲೆಟ್ಟಿನ ಬೀಗದಕೈ ಕೊಟ್ಟ ಹಲ್ಲಿನ ಡಾಕ್ಟರು ಕ್ಲಿನಿಕ್ ಖಾಲಿ ಮಾಡಿದರೆ? ಅಲ್ಲಿ ಇಎಸ್ಐ ಇಲ್ಲ, ಮತ್ತೆ ಕಲ್ಲಾದರೆ? ಗಂಡ ದೇವರಾಜ್ ಕೇಳುವ ಮೊದಲ ಪ್ರಶ್ನೆ ಅದೇ.

ಅವಳು ಪೆನ್ನು ತೆಗೆದುಕೊಂಡಳು. ಮಹೇಶ್ ನಿರಾಳವಾಗಿ ಉಸಿರುಬಿಟ್ಟ. ಅವಳು ಹಾಳೆಯ ಕೆಳಗಿನ ಖಾಲಿ ಅಂಚನ್ನು ನೀಟಾಗಿ ಹರಿದು, ಅದರ ಮೇಲೆ 'ಹಸಿರು ಬ್ಯಾಗು, ಬನಶಂಕರಿ' ಎಂದು ಬರೆದು, ಕೊಡೆ ಮರೆಯುವವರ ಚೀಟಿ ತೆಗೆದು ಇದನ್ನು ಸೇರಿಸಿದಳು.

"ಇವಿಷ್ಟಕ್ಕೂ ನಾನೇ ಬಿಲ್ ಮಾಡಿಸ್ತೀನಿ ಸಾರ್. ಸೋಮವಾರದಿಂದ ನಾಲ್ಕನೇ ಬ್ಲಾಕಲ್ಲಿರ್ತೀನಿ. ಆ ಹುಡುಗಿ ಮತ್ತೆ ಬಂದ್ರೆ ಅಲ್ಲಿಗೆ ಕಳ್ಸಿ."

"ಏನ್ ಮೇಡಂ ನೀವು! ಎರಡೇ ದಿನ ಇದೆ ಖಾಯಮ್ಮಿಗೆ. ಆ ಚಿಕ್ಕ ಅಂಗಡಿ ಇನ್ನೆಷ್ಟು ದಿನ ಇರುತ್ತೆ ಹೇಳಿ? ಮನೇಲಿ ಒಂದು ಮಾತು ಕೇಳಿ, ನಾಳೆ..."

ಒಂಬತ್ತು ಪುಸ್ತಕಗಳ ರಾಶಿ ಅವಳ ಎದೆಯಿಂದ ಗದ್ದದವರೆಗೆ ಬಂತು. ಮೇಲಿನದನ್ನು ಗದ್ದದಲ್ಲಿ ಒತ್ತಿಹಿಡಿದು ಅವಳು ತಿರುಗಿದಳು.

"...ಇಲ್ಲಾಂದ್ರೆ ಆ ಎರಡನೇ ಲೈನ್ ಬೇಕಾದ್ರೆ ಸ್ವಲ್ಪ ಬದಲಾಯಿಸ್ತೀನಿ, ಮೇಡಂ, ಮಾತಾಡ್ತಾ ಇದ್ದೀನಲ್ಲ, ಮೇಡಂ..."

ಅವಳು ಆಗಲೇ ತೋಟಗಾರಿಕೆ ದಾಟಿದ್ದಳು.