ಊಟಕ್ಕೂ ಓಟಿಗೂ ಒಂದೇ ಚೀಟಿ

ಮಕ್ಕಳೇ, ಮೈಸೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ವಲಯದ ಸಮಾವೇಶ ನಡೆದಾಗ, ಊಟದ ಬಾಗಿಲಲ್ಲಿ ಚೀಟಿ ತೆಗೆದುಕೊಳ್ಳುವ ಕೆಲಸ ನನಗೆ ಬಂತು. ಮಾತು ಕಡಿಮೆಯಿರುವ ನನಗೆ ಅದೇ ಸರಿ ಎಂದುಕೊಂಡೆ. ಆದರೆ ಕಾರ್ಯದರ್ಶಿಗಳು ಊಟಕ್ಕೂ ಹೊಸ ಅಧ್ಯಕ್ಷರ ಚುನಾವಣೆಗೂ ಒಂದೇ ಗುಲಾಬಿ ಕಾಗದ ಕತ್ತರಿಸಿ, ಒಂದೇ ಮೊಹರು ಒತ್ತಿದ್ದರು. ಬಣ್ಣ ಬೇರೆ ಮಾಡಿ ಎಂದು ಎರಡು ಸಲ ಹೇಳಿದ್ದೆ. ನನ್ನ ಮೆಲುದನಿ ಯಾರ ಕಿವಿಗೂ ಬೀಳಲಿಲ್ಲ.

ಓಟು ಹಾಕಿ ಬಂದವರು ಊಟಕ್ಕೆ ಸಾಲು ನಿಂತರು. ಕಡಕೊಳದ ಹಿರಿಯರೊಬ್ಬರು ಕೊಟ್ಟ ಚೀಟಿ ಬಿಡಿಸಿದರೆ ಅದರಲ್ಲಿ ಅಭ್ಯರ್ಥಿಯ ಹೆಸರು. ಊಟದ ಚೀಟಿಯನ್ನು ಓಟಿನ ಪೆಟ್ಟಿಗೆಗೆ ಹಾಕಿ ಬಂದಿದ್ದರು.

"ಅಣ್ಣಾ, ಇದು ನಿಮ್ಮ ಓಟು."

"ಇರ್ಲಿ ಬುಡಮ್ಮ, ಮೊದ್ಲು ಅನ್ನ ಹಾಕ್ಸು. ನಾನ್ಯಾರಿಗೆ ಹಾಕ್ದೆ ಅಂತ ದೇವ್ರಿಗೆ ಗೊತ್ತು."

"ಈಗ ನನಗೂ ಗೊತ್ತಾಯ್ತಲ್ಲ."

ಅವರ ಹಿಂದಿದ್ದ ಆರು ಮಂದಿಯೂ ಅದನ್ನೇ ಮಾಡಿದ್ದರು.

ಒಳಗೆ ಏಳು ಚೀಟಿಗಳನ್ನು ಖಾಲಿ ಎಂದು ಬದಿಗಿಟ್ಟು ಎಣಿಕೆ ಮುಗಿಸಿದ್ದರು. ಮೂರೇ ಓಟಿನಿಂದ ಗೆದ್ದವರಿಗೆ ಹಾರ ಸಿದ್ಧವಾಗಿತ್ತು. ಗೆಲುವನ್ನೇ ಬದಲಿಸಬಲ್ಲ ಏಳು ಓಟುಗಳು ನನ್ನ ಸೆರಗಿನಲ್ಲಿದ್ದವು. ವೇದಿಕೆ ಹತ್ತಿ, ಅವನ್ನು ಪಾದ್ರಿ ಅಯ್ಯನವರ ಮುಂದಿಟ್ಟು ನಡೆದದ್ದು ಹೇಳಿದೆ.

ಕಾರ್ಯದರ್ಶಿಗಳು ಮುಖ ಗಂಟಿಕ್ಕಿದರು. "ಬಣ್ಣ ಬೇರೆ ಇರ್ಲಿ ಅಂತ ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?"

"ಎರಡು ಸಲ ಹೇಳಿದ್ದೆ" ಎಂದೆ. ಎದುರಿಗಿದ್ದ ಮೈಕಿನಿಂದ ಅದು ಇಡೀ ಸಭೆಗೆ ಕೇಳಿಸಿತು.

ಬಿಳಿ ಕಾಗದದಲ್ಲಿ ಮತ್ತೆ ಓಟು ನಡೆಯಿತು. ಅಷ್ಟರಲ್ಲಿ ಸಾರು ಆರಿಹೋಗಿತ್ತು. ಮೊದ್ಲೇ ಹೇಳ್ಬಾರ್ದಿತ್ತೇ ಎಂದು ಅದಕ್ಕೂ ನನ್ನನ್ನೇ ಕೇಳಿದರು.