ಮೂರನೆಯ ಫ್ಲಾಪಿಯ ವಿಭೂತಿ

ಜಿಪ್ ಫೈಲ್ ಎಂದರೇನು ಎಂದು ಈಗ ಯಾರೂ ಕೇಳುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಒಂದು ಡಿಟಿಪಿ ಸೆಂಟರಿನಲ್ಲಿ ಕೆಲಸಕ್ಕಿದ್ದಾಗ ಬಂದವರೆಲ್ಲ ಕೇಳುತ್ತಿದ್ದರು. ನಮ್ಮೂರಿನವರಿಗೆ ಹತ್ತಿಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತಿತ್ತು. ಬಿಡಿ ಹತ್ತಿ ಕೋಣೆ ತುಂಬುತ್ತದೆ. ಪ್ರೆಸ್ಸಿನಲ್ಲಿ ಒತ್ತಿದರೆ ಅದೇ ಹತ್ತಿ ಬೇಲಾಗಿ ಲಾರಿ ಹತ್ತುತ್ತದೆ, ಒಂದೆಳೆಯೂ ಕಡಿಮೆಯಾಗುವುದಿಲ್ಲ. ಆದರೆ ಒತ್ತುವುದು ಸಾಗಿಸುವುದಕ್ಕೆ, ಅದೊಂದನ್ನೇ ನಂಬಿ ಕೂರುವುದಕ್ಕಲ್ಲ ಎಂದರೆ ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಗೆ ಹಾಕಿಕೊಳ್ಳದವರಲ್ಲಿ ಹರಿಹರದ ಒಂದು ಸೆಂಟರಿನ ಮಾಲೀಕನೂ ಒಬ್ಬ. ಅವನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನನ್ನ ಅಕ್ಕನನ್ನು ಹರಿಹರಕ್ಕೆ ಕೊಟ್ಟಿತ್ತು. ಮದುವೆಯಾದ ಮೇಲೆ ಅವಳು ಎಂ.ಫಿಲ್‌ಗೆ ಸೇರಿ, ದಾವಣಗೆರೆಯ ಹತ್ತಿ ಮಿಲ್ಲುಗಳಲ್ಲಿ ದುಡಿದ ಹೆಂಗಸರ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. ವ್ಯಾಪಾರಸ್ಥರ ಮನೆ, ಸೊಸೆಯ ಓದು ಯಾರಿಗೂ ಬೇಕಾಗಿರಲಿಲ್ಲ. ಓದುವವಳು ಓದಲಿ ಎಂದು ಗಂಡಸರ ಬಾಯಿ ಮುಚ್ಚಿಸಿದವರು ಅವಳ ಅತ್ತೆ ಒಬ್ಬರೇ. ಪ್ರಬಂಧದ ಜೀವವೆಲ್ಲ ಇದ್ದದ್ದು ನಾಲ್ಕನೆಯ ಅಧ್ಯಾಯದಲ್ಲಿ. ಮಿಲ್ಲಿನಲ್ಲಿ ದುಡಿದು ಮುದುಕಿಯಾದ ಒಬ್ಬಾಕೆ ಆಡಿದ ಮಾತನ್ನು ಅಕ್ಕ ಅವಳ ಬಾಯಿಂದ ಬಂದ ಹಾಗೇ ಇಳಿಸಿದ್ದಳು. ಆ ಮುದುಕಿ ಅದನ್ನು ಹೇಳಿ ಕೆಲವೇ ತಿಂಗಳಲ್ಲಿ ತೀರಿಕೊಂಡಿದ್ದಳು.

ಹರಿಹರದ ಸೆಂಟರಿನಲ್ಲಿ ಟೈಪಾಯಿತು. ಟೈಪಾದ ಮೇಲೆ ಅಕ್ಕನ ಕೈಬರಹದ ಹಾಳೆಗಳನ್ನು, ಮುದುಕಿಯ ಮಾತು ಬರೆದುಕೊಂಡಿದ್ದವೂ ಸೇರಿ, ಅಲ್ಲಿಯವರು ರದ್ದಿಗೆ ಹಾಕಿದರು. ಒಂದೊಂದು ಅಧ್ಯಾಯದ ಜೊತೆ ಅದರ ಫೋಟೊಗಳನ್ನು ಸೇರಿಸಿ, ಎಲ್ಲವನ್ನೂ ಒಂದೇ ಜಿಪ್ ಮಾಡಿ, ಐದು ಫ್ಲಾಪಿಗಳಿಗೆ ಹಂಚಿ ಕೊಟ್ಟರು. ಫೋಟೊಗಳು ಮೊದಲೇ ಒತ್ತಿದಂಥವು, ಇನ್ನೊಮ್ಮೆ ಒತ್ತಿದರೆ ಕುಗ್ಗುವುದಿಲ್ಲ. ಬರಹವನ್ನಷ್ಟೇ ಬೇರೆ ಜಿಪ್ ಮಾಡಿದ್ದರೆ ಒಂದೇ ಫ್ಲಾಪಿಯಲ್ಲಿ ಕೂರುತ್ತಿತ್ತು, ಎರಡು ಪ್ರತಿ ಮಾಡಿಡಬಹುದಿತ್ತು. ಹೇಳುವವರು ಯಾರು? ಲಗ್ನಪತ್ರಿಕೆಗಳ ಕಾಲ ಬಂತೆಂದು ಮಾಲೀಕ ತನ್ನ ಕಂಪ್ಯೂಟರಿನಿಂದ ಎಲ್ಲವನ್ನೂ ಅಳಿಸಿಯೂ ಬಿಟ್ಟ.

ಲೇಸರ್ ಪ್ರಿಂಟ್ ತೆಗೆಯಲು ಅಕ್ಕ ಒಂದು ಸೋಮವಾರ ನನ್ನಲ್ಲಿಗೆ ಬಂದಳು. ಅವಳ ಗೈಡ್ ಆ ಶನಿವಾರ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಅವರ ಸಹಿ ಬೀಳದಿದ್ದರೆ ಮತ್ತೊಂದು ವರ್ಷ ಓಡಾಡಬೇಕು, ಅದಕ್ಕೆ ಅತ್ತೆಯ ಮಾತೂ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಕಂಪ್ಯೂಟರ್ ಮೊದಲು ಕೊನೆಯ ಫ್ಲಾಪಿಯನ್ನು ಕೇಳಿತು, ಯಾವುದು ಎಲ್ಲಿದೆ ಎಂಬ ಪಟ್ಟಿ ಇರುವುದು ಅದರಲ್ಲಿ. ಆಮೇಲೆ ಒಂದು, ಎರಡು. ಮೂರನೆಯದನ್ನು ಹಾಕಿದಾಗ ಡ್ರೈವು ಕಲ್ಲು ಅಗಿದ ಹಾಗೆ ಕರಕರ ಎಂದಿತು. ಹೊರತೆಗೆದು, ತಗಡಿನ ಬಾಗಿಲನ್ನು ಸರಿಸಿ ನೋಡಿದೆ. ಒಳಗಿನ ಕಂದು ತಟ್ಟೆಯ ಮೇಲೆ ವಿಭೂತಿ, ನಡುವೆ ಚಿಟಿಕೆ ಕುಂಕುಮ.

ಬೆಳಿಗ್ಗೆ ಅತ್ತೆ ಐದನ್ನೂ ಲಿಂಗದ ಮುಂದಿಟ್ಟು ಪೂಜೆ ಮಾಡಿದ್ದರಂತೆ. ಮೇಲೆ ಎಳೆದ ಮೂರು ಗೆರೆಗಳನ್ನು ಅಕ್ಕ ಸೆರಗಿನಿಂದ ಒರೆಸಿಕೊಂಡು ಬಂದಿದ್ದಳು. ಒಂದರ ಬಾಗಿಲು ಸರಿಯುತ್ತದೆಂದು ಅತ್ತೆಗೆ ಗೊತ್ತಾಗಿ, ಒಳಗೂ ಇರಲಿ ಎಂದು ಹಚ್ಚಿದ್ದು ಅವಳಿಗೆ ತಿಳಿದಿರಲಿಲ್ಲ. ನಾನು ಸಿಟ್ಟಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದೆ.

"ಅತ್ತೆಗೆ ಹೇಳಬ್ಯಾಡ," ಎಂದಳು ಅಕ್ಕ. "ನನ್ನ ಓದಿಗೆ ನಿಂತೋರು ಅವರೊಬ್ರೇ. ತಮ್ಮ ಕೈಯಿಂದ್ಲೇ ಕೆಡ್ತು ಅಂತ ಗೊತ್ತಾದ್ರೆ ಎದಿ ಒಡ್ಕೊಂತಾರೆ."

ಹರಿಹರಕ್ಕೆ ಫೋನ್ ಮಾಡಿದೆ. ಜಿಪ್ ಮಾಡಿ ಕೊಟ್ಟೀವಲ್ರಿ ಎಂದು ಆ ಮಹಾರಾಯ ಫೋನಿಟ್ಟ. ಮೂರನೆಯದನ್ನು ಒರೆಸಿ ಹಾಕಿದರೂ ಓದಲಿಲ್ಲ, ತಟ್ಟೆಯೇ ಗೀರಿಹೋಗಿತ್ತು. ಕೆಟ್ಟ ಜಿಪ್ಪನ್ನು ದುರಸ್ತಿ ಮಾಡುವ ಒಂದು ಪ್ರೋಗ್ರಾಮಿನಿಂದ ಎಳೆದಾಡಿದೆ. ಉಳಿದ ಫ್ಲಾಪಿಗಳೊಳಗೇ ಪೂರ್ತಿಯಾಗಿ ಕೂತಿದ್ದ ಅಧ್ಯಾಯಗಳು ಸಿಕ್ಕವು. ಮೂರನೆಯದರಲ್ಲಿ ಇದ್ದದ್ದು ನಾಲ್ಕನೆಯ ಅಧ್ಯಾಯ.

ಆ ವಾರವಿಡೀ ಅಕ್ಕ ನನ್ನ ಪಕ್ಕದಲ್ಲಿ ಕೂತು ನೆನಪಿನಿಂದ ಹೇಳಿದಳು, ನಾನು ಟೈಪ್ ಮಾಡಿದೆ. ಮಿಲ್ಲಿನ ಪಾಳಿ, ನೂಲಿನ ಖಾತೆ, ಧೂಳಿನ ಕೆಮ್ಮು, ಎಲ್ಲ ಬಂದವು. ಮುದುಕಿಯ ಮಾತಿಗೆ ಬಂದಾಗ ನಿಂತಳು. ವಿಷಯ ನೆನಪಿತ್ತು, ಮಾತು ನೆನಪಾಗಲಿಲ್ಲ. ಹೇಳುತ್ತಾಳೆ, ಇದಲ್ಲ ಅನ್ನುತ್ತಾಳೆ, ಅಳಿಸು ಅನ್ನುತ್ತಾಳೆ. ಶನಿವಾರ ಹತ್ತಿರವಾದಂತೆ ನನಗೆ ಭಯವಾಗತೊಡಗಿತು. ಏನೋ ಒಂದು ಬರಿಯಮ್ಮ, ಯಾರು ಹೋಗಿ ಕೇಳುತ್ತಾರೆ ಎಂದು ಗೈಡ್ ಕೂಡ ಹೇಳಿದರು.

"ಸತ್ತೋರ ಬಾಯಾಗ ನನ್ನ ಮಾತು ತುರುಕಾಕ ಆಗಲ್ಲ," ಎಂದು ಅಕ್ಕ ಆ ಭಾಗವನ್ನೇ ಬಿಟ್ಟಳು. ಶನಿವಾರ ಸಹಿಯಾಯಿತು. ಪದವಿಯೂ ಬಂತು. ಗೆದ್ದವಳ ಮುಖ ಮಾತ್ರ ಅವಳದಾಗಿರಲಿಲ್ಲ.

ಬೈಂಡ್ ಆದ ಪ್ರತಿಯನ್ನು ಹಿಡಿದು ಹರಿಹರಕ್ಕೆ ಹೋದ ದಿನ ನಾನೂ ಜೊತೆಗಿದ್ದೆ. ಅತ್ತೆಗೆ ಓದಲು ಬರುತ್ತಿರಲಿಲ್ಲ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಿಲ್ಲಿನ ಮುದುಕಿಯದನ್ನು ಓದು ಎಂದರು. ಅದನ್ನು ಸೇರಿಸಲು ಆಗಲಿಲ್ಲ ಎಂದು ಅಕ್ಕ ತಲೆ ತಗ್ಗಿಸಿ ಹೇಳಿದಳು.

"ಅಯ್ಯ, ಯಾಕವ್ವ? ಅದೇ ಚೆಂದಿತ್ತಲ್ಲ," ಎಂದರು ಅತ್ತೆ. "ರೊಟ್ಟಿ ಬಡಿಯುವಾಗ ನೀ ಓದಿ ಹೇಳಿದ್ದು ನನಗೆ ಬಾಯಿಪಾಠ ಐತೆ. ‘ಮಿಲ್ಲಿನ ಸದ್ದಿಗೆ ಮೂವತ್ತು ವರ್ಷ ನನ್ನ ಕಿವಿ ಮುಚ್ಚಿತ್ತು. ಮಿಲ್ಲು ನಿಂತ ದಿನ ಮನಿಗೆ ಬಂದೆ. ಒಳಗ ಸೊಸಿ ಪಿಸುಗುಟ್ಟಿದ್ದೂ ಕೇಳಿಸ್ತು. ಅವತ್ತಿಂದ ಉಂಡ ಅನ್ನ ಮೈಗೆ ಹತ್ತಲಿಲ್ಲ.’ ಹಿಂಗೇ ಅಲ್ಲೇನು?"

ಅತ್ತೆ ಒಂದು ಮಾತೂ ತಪ್ಪದೆ ಮುಂದಿನದನ್ನು ಹೇಳುತ್ತ ಹೋದರು.