ನಾಲ್ಕು ಬಾಡಿಗೆ ಮನೆಗೆ ವಿಮೆ ಮಾಡಿಸಿದವರು

ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಸೂರು ನೋಡುತ್ತಲೇ ಅವರು ಒಳಗೆ ಬರುತ್ತಿದ್ದರು. ಉಬ್ಬಿದ ಗಂಟಲಮಣಿ ಮೇಲೆ ಕೆಳಗೆ ಓಡಾಡುತ್ತಿತ್ತು. ಹೊಸ್ತಿಲು ಎಡವಿದರೂ ಕಣ್ಣು ಮಾತ್ರ ಗೋಡೆಯ ಬಿರುಕು, ವೈರು, ಮೀಟರ್ ಪೆಟ್ಟಿಗೆಯ ಮೇಲೇ. ನಮಸ್ಕಾರ ಏನಿದ್ದರೂ ಆಮೇಲೆ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮದೊಂದು ಕಟ್ಟಡ, ನಾಲ್ಕು ಬಾಡಿಗೆ ಮನೆ. ಅದಕ್ಕೆ ವಿಮೆ ಮಾಡಿಸಲು ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದ ಈ ಏಜೆಂಟರು ನನ್ನ ತಾಳ್ಮೆಯನ್ನು ಹಿಂಡಿ ಹಾಕಿದರು. ಒಂದು ಸಹಿಗೆ ಆರು ಸಲ ಬಂದರು. ತಾರಸಿ ಅಳೆಯಲು ಒಮ್ಮೆ, ವೈರಿಂಗ್ ನೋಡಲು ಒಮ್ಮೆ, ತಾವೇ ಮರೆತುಹೋದ ಟೇಪು ಒಯ್ಯಲು ಇನ್ನೊಮ್ಮೆ.

ಕೆಳಗಡೆ ಹಿಂಬದಿಯ ಮನೆಯಲ್ಲಿ ಕುಕ್ಕುವಾಡದ ಹೆಂಗಸೊಬ್ಬಳು ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಆಕೆ ಊರಿಗೆ ಹೋಗಿದ್ದ ದಿನ ಕಿಟಕಿಯಿಂದ ದೊಡ್ಡ ಸಿಲಿಂಡರು, ರೊಟ್ಟಿ ಮಷಿನ್ ಕಂಡದ್ದೇ ಏಜೆಂಟರು ಪೆನ್ನು ಮುಚ್ಚಿದರು.

“ಅಕ್ಕಾರೆ, ಇಲ್ಲಿ ರೊಟ್ಟಿ ದಂಧೆ ಐತೆ. ಬರೀಬೇಕಾಗ್ತೈತೆ.”

“ವಾಸದ ಮನೆ ಅಂತ ಬರ್ಕೊಳ್ರಿ, ಸಾಕು. ಸುಮ್ನೆ ಪ್ರೀಮಿಯಂ ಯಾಕ ಏರಿಸ್ತೀರಿ?”

“ಸುಳ್ಳು ಬರ್ಸಿದ ಪಾಲಿಸಿ ತೂತು ಕೊಡೆ ಇದ್ದಂಗ್ರಿ. ಮಳೆ ಬರೋತನ್ಕ ಚಲೋ ಇರ್ತೈತೆ,” ಎಂದವರೇ ಅರ್ಧ ತುಂಬಿದ ಅರ್ಜಿಯನ್ನು ನನ್ನೆದುರೇ ಹರಿದರು.

ಮೈಯೆಲ್ಲ ಉರಿಯಿತು. ಇನ್ನೊಬ್ಬ ಏಜೆಂಟರನ್ನು ಹುಡುಕುವ ಪುರುಸೊತ್ತಿಲ್ಲದೆ ಅವರು ಹೇಳಿದಂತೆಯೇ ಬರೆಸಿದೆ. ಅಷ್ಟಕ್ಕಾದರೂ ಬಿಟ್ಟರೆ? ಚೀಲದಿಂದ ಮತ್ತೊಂದು ಅರ್ಜಿ ತೆಗೆದರು.

“ನಿಮ್ಮ ಪಾಲಿಸಿ ಗೋಡೆಗೆ, ಸೂರಿಗೆ ಅಷ್ಟೇ. ಮಷಿನ್‌ಗೆ ಆಯಮ್ಮನೇ ಬೇರೆ ಮಾಡಿಸ್ಬೇಕು. ಊರಿಂದ ಬಂದಮ್ಯಾಲೆ ಇದನ್ನ ಕೊಡ್ರಿ. ಮರೀಬ್ಯಾಡ್ರಿ.”

ನಾನೇನು ಇವರ ಪೋಸ್ಟ್‌ಮ್ಯಾನೇ? ಅರ್ಜಿಯನ್ನು ಹಳೆಯ ಪೇಪರುಗಳ ನಡುವೆ ತುರುಕಿದೆ. ಮರೆತದ್ದಲ್ಲ, ಸಿಟ್ಟಿಗೆ, ಬೇಕೆಂದೇ ಕೊಡಲಿಲ್ಲ.

ಮೂರು ತಿಂಗಳಿಗೆ ಗ್ಯಾಸ್ ಪೈಪು ಸೋರಿ ಆ ಮನೆಗೆ ಬೆಂಕಿ ಬಿತ್ತು. ಆಕೆ ಅಂಗಡಿಗಳಿಗೆ ರೊಟ್ಟಿ ಕೊಡಲು ಹೋಗಿದ್ದಳು, ಯಾರಿಗೂ ಏನೂ ಆಗಲಿಲ್ಲ. ಸೂರಿನ ಗಾರೆ ಉದುರಿತು, ಗೋಡೆ ಸೀಳಿತು, ಮಷಿನ್ ಕರಕಲಾಯಿತು. ಆಕೆ ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತವಳು ಸಂಜೆಯವರೆಗೆ ಏಳಲಿಲ್ಲ.

ನಷ್ಟ ನೋಡಲು ಬಂದ ಸರ್ವೇಯರ್ ಮೊದಲು ಕೇಳಿದ್ದೇ, “ಇಲ್ಲಿ ವ್ಯಾಪಾರ ಮಾಡ್ತಿದ್ರು ಅಂತ ಪಾಲಿಸಿಯೊಳಗೆ ಹೇಳೀರೇನು?” ಜೊತೆಗಿದ್ದ ಏಜೆಂಟರು ಆ ಸಾಲಿನ ಮೇಲೆ ಬೆರಳಿಟ್ಟರು. ವಿಮೆ ಹಣದಲ್ಲಿ ನನ್ನ ಗೋಡೆ, ಸೂರು ಮತ್ತೆ ಎದ್ದವು.

ಸರ್ವೇಯರ್ ಬಂದ ಆ ದಿನವೇ, ಹೊರಡುವಾಗ ಏಜೆಂಟರು ಕೇಳಿದರು. “ಆ ಅರ್ಜಿ ಆಯಮ್ಮಗೆ ಕೊಟ್ಟಿದ್ರೇನ್ರಿ, ಅಕ್ಕಾರೆ?”

“ಕೊಟ್ಟಿದ್ದೆ. ಆಕೇನೇ ಬ್ಯಾಡ ಅಂದ್ಲು.”

“ನಾನೇ ಇನ್ನೊಂದ್ಸಲ ಬಂದು ಹೇಳ್ಬೇಕಿತ್ತು. ನಂದೇ ತಪ್ಪು ಬಿಡ್ರಿ.”

ಅಷ್ಟು ಸಲ ಬಂದು ನನ್ನ ಜೀವ ತಿಂದವರು, ಬರಬೇಕಾದ ಒಂದು ಸಲ ಬರಲಿಲ್ಲವೆಂದು ನೊಂದುಕೊಂಡು ಹೋದರು.

ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಹರಿಹರಕ್ಕೆ ಹೋಗಿ, ಅವರ ಮನೆಯವರನ್ನು ಮಾತಾಡಿಸಿ ಬಂದೆ. ಬಸ್ಸಿಳಿದು ನೆಟ್ಟಗೆ ಹಿಂಬದಿಯ ಮನೆಗೆ ಹೋಗಿ ಆಕೆಗೆ ಎಲ್ಲವನ್ನೂ ಹೇಳಿದೆ. ಹೊಸ ಮಷಿನ್ ಕೊಡಿಸುತ್ತೇನೆ ಎಂದೆ.

ಕೈಯಲ್ಲೇ ರೊಟ್ಟಿ ತಟ್ಟುತ್ತಿದ್ದ ಆಕೆ ತಲೆ ಎತ್ತಲಿಲ್ಲ.

“ಬೆಂಕಿ ಆದಮ್ಯಾಲೆ ಆ ವಿಮೆ ಯಜಮಾನ್ರು ನನ್ನತ್ರ ಬಂದು ‘ತಪ್ಪಾತವ್ವ’ ಅಂತ ಕೈ ಮುಗಿದಿದ್ರು,” ಎಂದಳು. “ಯಾಕಂತ ನಂಗೆ ಈಗ ತಿಳೀತು.”